ರೋಬೋಟ್ ಇಲ್ಲದೆ ಕೈಚಲನೆಯ ಕಲಿಕೆಗೆ ಮಾಡೆಲ್ ಮಾಡಲಿಕ್ಕೆ ಆಗ್ತದಾ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್, ಮೆದುಳು ಕೈಯ ಚಲನೆಯನ್ನು ಹೇಗೆ ಕಲಿಯುತ್ತದೆ ಎಂಬುದಕ್ಕೆ ಕಂಪ್ಯೂಟರ್ ಮಾಡೆಲ್ ಮಾಡುವ ಪ್ರಾಜೆಕ್ಟ್, ಲ್ಯಾಬಿನಲ್ಲಿ ರೋಬೋಟ್ ಇಲ್ಲ, ಕೈಯಲ್ಲಿರುವುದು 4 ತಿಂಗಳು. ನ್ಯೂರಲ್ ನೆಟ್‌ವರ್ಕ್‌ನಿಂದ ಶುರು ಮಾಡಬಹುದಾ?

ಪ್ರಾಜೆಕ್ಟ್ ಆಗ್ತದೆ, ನ್ಯೂರಲ್ ನೆಟ್‌ವರ್ಕ್ ಬೇಡ. ಒಬ್ಬ ಮನುಷ್ಯನಿಂದ ನಿಮಗೆ ಸಿಗುವುದು ಸುಮಾರು 300 ಚಲನೆ, ಒಂದೊಂದಕ್ಕೆ ಒಂದು ಕೋನ, ಅಂದರೆ ಕೈ ಗುರಿಯಿಂದ ಎಷ್ಟು ಓರೆ ಹೋಯಿತು ಅಂತ. ಸಾವಿರಾರು ವೇಯ್ಟ್ (ಹೊಂದಿಸಿಕೊಳ್ಳುವ ಸಂಖ್ಯೆ) ಇರುವ ನೆಟ್‌ವರ್ಕ್ ಅದಕ್ಕೆ ಹೇಗೂ ಹೊಂದಿಕೊಳ್ಳುತ್ತದೆ. ಹೊಂದಿಕೊಂಡಿತು ಅಂತ ಮೆದುಳಿನ ಬಗ್ಗೆ ಎಂತದೂ ಗೊತ್ತಾಗುವುದಿಲ್ಲ. ನಾಲ್ಕೇ ಸಂಖ್ಯೆಗಳ ಮಾಡೆಲ್ ಸಾಕು. ಸಾಮಾನು ಅಂದರೆ ಒಂದು ಲ್ಯಾಪ್‌ಟಾಪ್, ಒಂದು ಪೆನ್ ಟ್ಯಾಬ್ಲೆಟ್, ದಿನಸಿ ಅಂಗಡಿಯ ಒಂದು ರಟ್ಟಿನ ಪೆಟ್ಟಿಗೆ.

ಮಾಡೆಲ್ ಯಾವುದಕ್ಕೆ ಅಂತ ಮೊದಲು ಸ್ಪಷ್ಟ ಮಾಡಿಕೊಳ್ಳಿ. ಮೊಣಕೈ ಮಡಚಿ, ಅಂಗೈ ಮೇಲೆ ಒಂದು ಬೊಂಡ (ಎಳನೀರು) ಇಟ್ಟುಕೊಂಡು ಕಣ್ಣು ಮುಚ್ಚಿ. ಗೆಳೆಯ ಅದನ್ನು ಫಕ್ಕನೆ ಎತ್ತಿದರೆ ನಿಮ್ಮ ಅಂಗೈ ಮೇಲಕ್ಕೆ ಹಾರುತ್ತದೆ. ನಿಮ್ಮದೇ ಇನ್ನೊಂದು ಕೈಯಿಂದ ಎತ್ತಿ ನೋಡಿ, ಅಂಗೈ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ. ಎತ್ತುವ ಕೈಗೆ ಆಜ್ಞೆ ಹೋಗುವಾಗಲೇ ಹೊತ್ತ ಕೈಯ ಸ್ನಾಯುವೂ ಲೆಕ್ಕ ಹಾಕಿದ ಹಾಗೆ ಸಡಿಲಾಗಿರುತ್ತದೆ. ಭಾರ ಹೋದ ಸುದ್ದಿ ಮೆದುಳಿಗೆ ತಲುಪಿ ಉತ್ತರ ಬರುವವರೆಗೆ ಕಾದರೆ ಸ್ನಾಯುವಿನ ದಾರಿಯಲ್ಲಿ 50ರಿಂದ 100 ಮಿಲಿಸೆಕೆಂಡ್ ಹೋಗುತ್ತದೆ, ಕಣ್ಣಿನ ದಾರಿಯಲ್ಲಿ 100 ದಾಟುತ್ತದೆ. ಅದಕ್ಕೇ ಮೆದುಳು ಮುಂಚೆಯೇ ಊಹಿಸುತ್ತದೆ, ಊಹೆ ತಪ್ಪಿದರೆ ಮುಂದಿನ ಸಲಕ್ಕೆ ಸ್ವಲ್ಪ ತಿದ್ದಿಕೊಳ್ಳುತ್ತದೆ. ನಿಮ್ಮ ಮಾಡೆಲ್ ಈ 'ಸ್ವಲ್ಪ'ದ ಲೆಕ್ಕ.

ಶಾದ್‌ಮೆಹ್ರ್ ಮತ್ತು ಮುಸ್ಸಾ-ಇವಾಲ್ಡಿ ಎಂಬ ಸಂಶೋಧಕರು 1994ರಲ್ಲಿ ಇದನ್ನು ಕೈಯನ್ನು ಪಕ್ಕಕ್ಕೆ ತಳ್ಳುವ ರೋಬೋಟ್ ಹಿಡಿಕೆಯಿಂದ ತೋರಿಸಿದರು. ರೋಬೋಟ್ ಇಲ್ಲದವರಿಗೆ ಇರುವ ದಾರಿ ಕರ್ಸರನ್ನು ತಿರುಗಿಸುವುದು: ಕೈ ನೇರ ಹೋದರೂ ಪರದೆಯ ಮೇಲೆ ಕರ್ಸರ್ 30 ಡಿಗ್ರಿ ಓರೆ ಹೋಗುತ್ತದೆ. ಕೆಲವು ಹತ್ತು ಪ್ರಯತ್ನಗಳಲ್ಲಿ ಕೈ ಆಚೆ ಬದಿಗೆ ಓರೆಯಾಗಲು ಕಲಿಯುತ್ತದೆ.

ಮೌಸ್ ಬಳಸಬೇಡಿ ಅನ್ನುವುದಕ್ಕೆ ಎರಡು ಕಾರಣ. ಆಪರೇಟಿಂಗ್ ಸಿಸ್ಟಮ್ ಅದಕ್ಕೆ ವೇಗವರ್ಧನೆ ಸೇರಿಸುತ್ತದೆ, ಬೇಗ ಎಳೆದರೆ ಕರ್ಸರ್ ಹೆಚ್ಚು ದೂರ ಹೋಗುತ್ತದೆ. ಮತ್ತೆ, ಮೌಸನ್ನು ಹಿಡಿದ ಕೈ ಸ್ವಲ್ಪ ತಿರುಗಿದರೂ ನಿಮ್ಮ 30 ಡಿಗ್ರಿಗೆ ಇನ್ನೊಂದು ತಿರುಗು ಬಂದು ಸೇರುತ್ತದೆ. ಬೇರೆ ಗತಿಯೇ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೇಗವರ್ಧನೆ ಆಫ್ ಮಾಡಿ. ಟ್ಯಾಬ್ಲೆಟ್ ಆದರೆ ಪೆನ್ನಿನ ಜಾಗ ನೇರವಾಗಿ ಸಿಗುತ್ತದೆ. ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಟ್ಯಾಬ್ಲೆಟ್ ಮೇಲೆ ಕವುಚಿ ಹಾಕಿ, ಕೈ ಕಾಣಬಾರದು. ನಮ್ಮ ಕರಾವಳಿಯ ಸೆಕೆಗೆ ಬೆವರಿದ ಅಂಗೈ ಟ್ಯಾಬ್ಲೆಟಿಗೆ ಅಂಟಿ ಅಂಟಿ ಬರುತ್ತದೆ. ಘರ್ಷಣೆ ಮೊದಲ ಪ್ರಯತ್ನದಲ್ಲಿ ಒಂದು, ಇನ್ನೂರನೆಯದರಲ್ಲಿ ಇನ್ನೊಂದು. ಕಿರುಬೆರಳಿನ ಬದಿಗೆ ತೆಳು ಹತ್ತಿಯ ಕೈಗವಸು ಹಾಕಿಸಿ, ಫ್ಯಾನ್ ಹಾಕಿ.

ಪರದೆಯ ಮಧ್ಯೆ ಶುರುವಿನ ವೃತ್ತ, ಅದರಿಂದ ಕೈಯ ಲೆಕ್ಕದಲ್ಲಿ 8 ಸೆಂಟಿಮೀಟರ್ ದೂರದಲ್ಲಿ ಗುರಿ. ಗುರಿ ನಾಲ್ಕು ದಿಕ್ಕಿಗೆ ಸಾಕು. ಗುರಿಯಲ್ಲಿ ನಿಲ್ಲಿಸಲು ಹೇಳಬೇಡಿ, ಅದನ್ನು ಸೀಳಿಕೊಂಡು ಹೋಗಲು ಹೇಳಿ, ಕೇರಂ ಸ್ಟ್ರೈಕರ್ ಹೊಡೆದ ಹಾಗೆ. ಚಲನೆ 300 ಮಿಲಿಸೆಕೆಂಡ್ ದಾಟಿದರೆ 'ನಿಧಾನ ಆಯಿತು' ಅಂತ ಪರದೆಯಲ್ಲಿ ತೋರಿಸಿ. ನಿಧಾನ ಹೋದವರು ಕಣ್ಣಿನಿಂದ ನೋಡಿ ನಡುದಾರಿಯಲ್ಲೇ ತಿದ್ದಿಕೊಳ್ಳುತ್ತಾರೆ, ಆಗ ನೀವು ಅಳೆದದ್ದು ಕಲಿಕೆಯೂ ಅಲ್ಲ, ತಿದ್ದುಪಡಿಯೂ ಅಲ್ಲ, ಎರಡರ ಕಲಸುಮೇಲೋಗರ. ಇದೇ ಕಾರಣಕ್ಕೆ ಕೋನವನ್ನು ಕೊನೆಯಲ್ಲಿ ಅಳೆಯದೆ ವೇಗ ಗರಿಷ್ಠ ಇರುವ ಕ್ಷಣದಲ್ಲಿ ಅಳೆಯಿರಿ. ಕೈ ಹಿಂದೆ ಬರುವಾಗ ಕರ್ಸರ್ ಅಡಗಿಸಿಡಿ, ಮಧ್ಯಕ್ಕೆ 1 ಸೆಂಟಿಮೀಟರ್ ಹತ್ತಿರ ಬಂದ ಮೇಲೆ ತೋರಿಸಿ. ಇಲ್ಲದಿದ್ದರೆ ಹಿಂದೆ ಬರುವಾಗಲೂ ಕಲಿಯುತ್ತಾರೆ, ಅದು ನಿಮ್ಮ ಲೆಕ್ಕದಲ್ಲಿ ಇರುವುದಿಲ್ಲ.

ಈಗ ಮಾಡೆಲ್. ಒಂದೇ ಸಾಲು:

ಮುಂದಿನ ಕೋನ = ಉ × ಈಗಿನ ಕೋನ + ಕ × ಈಗಿನ ತಪ್ಪು

'ಉ' ಅಂದರೆ ಉಳಿಕೆ, ಒಂದು ಪ್ರಯತ್ನದಿಂದ ಇನ್ನೊಂದಕ್ಕೆ ಎಷ್ಟು ನೆನಪು ಉಳಿಯಿತು. 'ಕ' ಅಂದರೆ ಕಲಿಕೆ, ತಪ್ಪಿನ ಎಷ್ಟು ಪಾಲನ್ನು ತಿದ್ದಿಕೊಂಡರು. ತಪ್ಪು ಅಂದರೆ ತಿರುಗಿನಿಂದ ಈಗಿನ ಕೋನ ಕಳೆದದ್ದು. ಸಂಶೋಧನಾ ಪೇಪರ್‌ಗಳಲ್ಲಿ ಇವೇ ಎ ಮತ್ತು ಬಿ. ಕೈಯಲ್ಲೇ ಲೆಕ್ಕ ಮಾಡಿ: ಉ 0.98, ಕ 0.1, ತಿರುಗು 30 ಡಿಗ್ರಿ. ಕೋನ 0ಯಿಂದ 3, ಆಮೇಲೆ 5.64, ಆಮೇಲೆ ಸುಮಾರು 7.96. ಹೀಗೆ ಹೋಗಿ 25ರಲ್ಲಿ ನಿಲ್ಲುತ್ತದೆ, 30 ಮುಟ್ಟುವುದೇ ಇಲ್ಲ. ಯಾಕೆಂದರೆ 25ರಲ್ಲಿ ಪ್ರತಿ ಸಲ ಮರೆಯುವುದು ಅದರ 2 ಶೇಕಡಾ, ಅಂದರೆ ಅರ್ಧ ಡಿಗ್ರಿ. ಕಲಿಯುವುದು ಉಳಿದ 5 ಡಿಗ್ರಿ ತಪ್ಪಿನ ಹತ್ತನೇ ಒಂದು, ಅದೂ ಅರ್ಧ ಡಿಗ್ರಿ. ಗ್ರಾಫ್ 30ಕ್ಕೆ ತಲುಪಲಿಲ್ಲ ಅಂತ ಕೋಡಿನಲ್ಲಿ ಬಗ್ ಹುಡುಕಲು ಕೂರಬೇಡಿ.

ಇಷ್ಟಕ್ಕೆ ನಿಲ್ಲಿಸಿದರೆ ಪ್ರಾಜೆಕ್ಟ್ ಸಪ್ಪೆ. ರುಚಿ ಇರುವುದು 2006ರಲ್ಲಿ ಸ್ಮಿತ್, ಗಾಜಿಜಾದೆ, ಶಾದ್‌ಮೆಹ್ರ್ ಕೊಟ್ಟ ಎರಡು ವೇಗದ ಮಾಡೆಲ್‌ನಲ್ಲಿ. ಒಂದೇ ತಪ್ಪಿನಿಂದ ಎರಡು ಪ್ರಕ್ರಿಯೆಗಳು ಕಲಿಯುತ್ತವೆ: ಒಂದು ಬೇಗ ಕಲಿತು ಬೇಗ ಮರೆಯುವುದು, ಇನ್ನೊಂದು ನಿಧಾನ ಕಲಿತು ಗಟ್ಟಿ ಹಿಡಿದುಕೊಳ್ಳುವುದು. ಕೈಯ ಕೋನ ಎರಡರ ಮೊತ್ತ. ಅವರು ಕೊಟ್ಟ ಸಂಖ್ಯೆಗಳು: ಬೇಗದ್ದಕ್ಕೆ ಉ 0.59, ಕ 0.21, ನಿಧಾನದ್ದಕ್ಕೆ ಉ 0.992, ಕ 0.02. ಅದು ರೋಬೋಟ್ ತಳ್ಳುವ ಪ್ರಯೋಗದ್ದು, ನಿಮ್ಮ ಸಂಖ್ಯೆಗಳು ಬೇರೆ ಬರಬೇಕು, ಬರುತ್ತವೆ.

ಈ ಸಂಖ್ಯೆಗಳನ್ನೇ ಹಾಕಿ ಓಡಿಸಿ ನೋಡಿ. 30 ಡಿಗ್ರಿಗೆ ತುಂಬ ಪ್ರಯತ್ನಗಳ ನಂತರ ಕೋನ ಸುಮಾರು 22.5, ಅದರಲ್ಲಿ ನಿಧಾನದ್ದೇ 18.7. ಈಗ ತಿರುಗನ್ನು ಉಲ್ಟಾ ಮಾಡಿ, −30. ನಾಲ್ಕೇ ಪ್ರಯತ್ನದಲ್ಲಿ ಕೋನ ಸೊನ್ನೆ. ನೋಡಿದವರು ಕಲಿತದ್ದೆಲ್ಲ ಅಳಿಸಿಹೋಯಿತು ಅನ್ನುತ್ತಾರೆ. ಒಳಗೆ ಇಣುಕಿ ನೋಡಿದರೆ ಬೇಗದ್ದು −15ಕ್ಕೆ ಇಳಿದಿದೆ, ನಿಧಾನದ್ದು +15ರಲ್ಲೇ ಕೂತಿದೆ. ಇಲ್ಲಿಂದ ತಪ್ಪನ್ನೇ ತೋರಿಸಬೇಡಿ: ಕೈ ಎಲ್ಲಿಗೇ ಹೋಗಲಿ ಕರ್ಸರ್ ನೇರ ಗುರಿಗೇ ಹೋಗುವಂತೆ ಕಟ್ಟಿಹಾಕಿ, ಇದಕ್ಕೆ ಎರರ್ ಕ್ಲ್ಯಾಂಪ್ ಅನ್ನುತ್ತಾರೆ. ಬೇಗದ್ದು ಐದಾರು ಪ್ರಯತ್ನದಲ್ಲಿ ಆವಿ. ಯಾರೂ ಕಲಿಸದೆ ಕೈ ಹಳೆಯ ಬದಿಗೆ ಮತ್ತೆ ಓರೆಯಾಗುತ್ತದೆ, ಎಂಟನೆಯ ಪ್ರಯತ್ನದ ಹೊತ್ತಿಗೆ 14ರ ಹತ್ತಿರ. ಒಂದೇ ವೇಗದ ಮಾಡೆಲ್‌ನಿಂದ ಈ ಮರುಕಳಿಕೆ ಬರಿಸಲು ಸಾಧ್ಯವೇ ಇಲ್ಲ. ಅಂದರೆ ಎರಡು ಮಾಡೆಲ್‌ಗಳ ನಡುವಿನ ಜಗಳ ತೀರುವುದು ಇಲ್ಲಿ.

ಹಾಗಾಗಿ ಪ್ರಯೋಗದ ಕ್ರಮ: ತಿರುಗಿಲ್ಲದೆ 40, 30 ಡಿಗ್ರಿಯಲ್ಲಿ 200, ಉಲ್ಟಾ 10ರಿಂದ 15 (ನಿಮ್ಮ ಸಂಖ್ಯೆಗಳು ಬೇರೆ, ನಾಲ್ಕೇ ಸಾಲದಿರಬಹುದು), ಕ್ಲ್ಯಾಂಪ್ 60. ಉಲ್ಟಾ ಎಷ್ಟು ಅಂತ ಮೂರ್ನಾಲ್ಕು ಜನರ ಮೇಲೆ ಮೊದಲು ಪರೀಕ್ಷಿಸಿ ನಿರ್ಧರಿಸಿ, ಸರಾಸರಿ ಸೊನ್ನೆಯ ಹತ್ತಿರ ಬಂದಲ್ಲಿ ನಿಲ್ಲಬೇಕು. ಒಂದು ಪ್ರಯತ್ನಕ್ಕೆ 5 ಸೆಕೆಂಡ್ ಹಿಡಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಧ್ಯೆ ವಿರಾಮ ಕೊಟ್ಟರೆ ಗಡಿಯಾರದ ಸಮಯ ಬರೆದಿಡಿ, ಬೇಗದ ಪ್ರಕ್ರಿಯೆ ಸುಮ್ಮನೆ ಕೂತಾಗಲೂ ಕರಗುತ್ತದೆ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಪ್ರತಿ ಪ್ರಯತ್ನ ಮುಗಿದ ಕೂಡಲೇ ಫೈಲಿಗೆ ಬರೆಯಿಸಿ.

ಎಲ್ಲರೂ ಬೀಳುವ ಗುಂಡಿ ಒಂದುಂಟು. 30 ಡಿಗ್ರಿ ಒಮ್ಮೆಲೇ ತಿರುಗಿಸಿದರೆ ಜನರಿಗೆ ಗೊತ್ತಾಗುತ್ತದೆ, ಬೇಕೆಂದೇ ಪಕ್ಕಕ್ಕೆ ಗುರಿ ಇಡುತ್ತಾರೆ. ಅದು ಲೆಕ್ಕಾಚಾರ, ಕೈಯ ಕಲಿಕೆ ಬೇರೆ. ಮಝೋನಿ ಮತ್ತು ಕ್ರಾಕೌರ್ 2006ರಲ್ಲಿ 45 ಡಿಗ್ರಿ ತಿರುಗಿಗೆ ಉಪಾಯವನ್ನು ಮೊದಲೇ ಹೇಳಿಕೊಟ್ಟರು. ಜನ ಕೂಡಲೇ ಗುರಿ ಹೊಡೆದರು, ಆಮೇಲೆ ಹೊಡೆಯುತ್ತಾ ಹೊಡೆಯುತ್ತಾ ಗುರಿಯಿಂದ ದೂರ ಜಾರಿದರು! ಉಪಾಯ ಸರಿಯಿದ್ದರೂ ಒಳಗಿನ ಕಲಿಕೆ ತನ್ನ ಪಾಡಿಗೆ ತಿದ್ದುತ್ತಲೇ ಇತ್ತು. ನಿಮ್ಮಲ್ಲಿ ಇದನ್ನು ಬೇರ್ಪಡಿಸಲು ಕ್ಲ್ಯಾಂಪ್ ಶುರುವಾಗುವ ಮೊದಲು 'ಏನೂ ಉಪಾಯ ಮಾಡಬೇಡಿ, ಕೈಯನ್ನೇ ನೇರ ಗುರಿಗೆ ಕಳಿಸಿ' ಅಂತ ಹೇಳಿ. ಗುರಿ ಕಂಡು ಕೈ ಹೊರಡುವವರೆಗಿನ ಸಮಯವನ್ನೂ ದಾಖಲಿಸಿ. ತಿರುಗು ಬಂದ ಕೂಡಲೇ ಆ ಸಮಯ ಉದ್ದವಾದವರು ಬಹುಶಃ ಲೆಕ್ಕ ಹಾಕುತ್ತಿದ್ದಾರೆ.

ಕೋಡಿನಲ್ಲಿ ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಇವೇ. ಪರದೆಯ ಲಂಬ ಅಕ್ಷ ಕೆಳಗೆ ಹೋದಂತೆ ಹೆಚ್ಚಾಗುತ್ತದೆ, ಗಣಿತದಲ್ಲಿ ಮೇಲೆ ಹೋದಂತೆ; ಚಿಹ್ನೆ ಬದಲಿಸಲು ಮರೆತರೆ ಎಡ ತಿರುಗು ಬಲ ಆಗುತ್ತದೆ. ಎಡಗಡೆಯ ಗುರಿಯಲ್ಲಿ ಕೋನ +179ರಿಂದ −179ಕ್ಕೆ ಹಾರುತ್ತದೆ, ಗುರಿಯ ಕೋನ ಕಳೆದ ಮೇಲೆ −180ರಿಂದ 180ರ ಒಳಗೆ ತನ್ನಿ. ವೇಗ ತೆಗೆಯುವ ಮೊದಲು ಜಾಗದ ದತ್ತಾಂಶವನ್ನು ಸಮಾನ ಅಂತರದ ಸಮಯಕ್ಕೆ ತಂದು, ಸಣ್ಣ ನಡುಕವನ್ನು ಸೋಸುವ 10 ಹರ್ಟ್ಸ್‌ನ ಬಟರ್‌ವರ್ತ್ ಫಿಲ್ಟರನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ. ಒಂದೇ ಬದಿಗೆ ಓಡಿಸಿದರೆ ವೇಗದ ಶಿಖರ ಪಕ್ಕಕ್ಕೆ ಸರಿಯುತ್ತದೆ. ಕ್ಲ್ಯಾಂಪ್‌ನಲ್ಲಿ ತಪ್ಪು ಸೊನ್ನೆ, ಆದರೆ ಉಳಿಕೆಯ ಗುಣಾಕಾರ ನಡೆಯಲೇಬೇಕು. ಆ ಪ್ರಯತ್ನಗಳನ್ನು ಮಾಡೆಲ್‌ನಲ್ಲಿ ಹಾರಿಸಿಬಿಡುವವರು ತುಂಬ ಜನ.

ಫಿಟ್ ಮಾಡಲು, ಅಂದರೆ ಮಾಡೆಲ್‌ನ ಸಂಖ್ಯೆಗಳನ್ನು ದತ್ತಾಂಶಕ್ಕೆ ಹೊಂದಿಸಲು, ಪೈಥಾನ್ ಮತ್ತು ಅದರ ಸೈಪೈ ಲೈಬ್ರರಿ ಸಾಕು. ಬೇಗದ್ದರ ಉ ನಿಧಾನದ್ದಕ್ಕಿಂತ ಕಡಿಮೆ, ಕ ಹೆಚ್ಚು ಅನ್ನುವ ನಿರ್ಬಂಧ ಹಾಕಿ, ಇಲ್ಲದಿದ್ದರೆ ಎರಡೂ ಹೆಸರು ಅದಲುಬದಲು ಮಾಡಿಕೊಳ್ಳುತ್ತವೆ. 50 ಬೇರೆ ಬೇರೆ ಆರಂಭದ ಬೆಲೆಗಳಿಂದ ಓಡಿಸಿ ಅತಿ ಕಡಿಮೆ ತಪ್ಪಿನದ್ದನ್ನು ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು, ಜನರನ್ನು ಕರೆಯುವ ಮುಂಚೆಯೇ, ಗೊತ್ತಿರುವ ಸಂಖ್ಯೆಗಳಿಂದ ಸುಳ್ಳು ದತ್ತಾಂಶ ಹುಟ್ಟಿಸಿ, 4 ಡಿಗ್ರಿಯಷ್ಟು ಗದ್ದಲ (ನಾಯ್ಸ್, ಯದ್ವಾತದ್ವಾ ಏರುಪೇರು) ಸೇರಿಸಿ, ನಿಮ್ಮ ಫಿಟ್ ಅದೇ ಸಂಖ್ಯೆಗಳನ್ನು ವಾಪಸ್ ಕೊಡುತ್ತದಾ ನೋಡಿ. ಬೇಗದ್ದರ ಎರಡು ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಂಡು ಅಲುಗಾಡುವುದು ಅಲ್ಲೇ ಕಾಣುತ್ತದೆ. ಉಲ್ಟಾ ಮತ್ತು ಕ್ಲ್ಯಾಂಪ್ ಭಾಗ ತೆಗೆದು ಇನ್ನೊಮ್ಮೆ ಮಾಡಿ, ಅವು ಯಾಕೆ ಬೇಕು ಅಂತ ನಾನು ಹೇಳುವ ಅಗತ್ಯ ಇರುವುದಿಲ್ಲ.

ವರದಿಯಲ್ಲಿ 'ಬೇಗದ ಪ್ರಕ್ರಿಯೆ ಮೆದುಳಿನ ಇಂಥ ಭಾಗ' ಅಂತ ಬರೆಯಬೇಡಿ. ಸೆರೆಬೆಲ್ಲಮ್‌ಗೆ, ಅಂದರೆ ಕಿರುಮೆದುಳಿಗೆ, ಪೆಟ್ಟಾದವರಲ್ಲಿ ಈ ಬಗೆಯ ಕಲಿಕೆ ಕುಂದುತ್ತದೆ ಎಂಬುದು ನಿಜ. ಮಾರ್ 1969ರಲ್ಲಿ, ಆಲ್ಬಸ್ 1971ರಲ್ಲಿ ಅಲ್ಲಿನ ಪರ್ಕಿಂಜೆ ಎಂಬ ನರಕೋಶಗಳು ಹೇಗೆ ಕಲಿಯಬಹುದು ಅಂತ ಸಿದ್ಧಾಂತ ಕೊಟ್ಟರು. ಆದರೆ ನಿಮ್ಮ ನಾಲ್ಕು ಸಂಖ್ಯೆಗಳು ವರ್ತನೆಯನ್ನು ವಿವರಿಸುತ್ತವೆ, ಕೋಶಗಳನ್ನಲ್ಲ. ವೈವಾದಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ.

ಮತ್ತೊಂದು, ಇದು ಮನುಷ್ಯರ ಮೇಲಿನ ಪ್ರಯೋಗ. ಹಾಸ್ಟೆಲಿನ ಗೆಳೆಯರೇ ಆದರೂ ಒಪ್ಪಿಗೆ ಪತ್ರ ಬೇಕು, ಸಂಸ್ಥೆಯ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ ಮಾರಾಯ್ರೆ, ಅರ್ಜಿಯನ್ನು ಗೈಡ್ ಹತ್ತಿರ ಮೊದಲ ವಾರವೇ ಕೊಡಿ. ಕೋಡ್ ಬರೆಯುವುದು, ಸುಳ್ಳು ದತ್ತಾಂಶದ ಪರೀಕ್ಷೆ ಎಲ್ಲ ಆ ಕಾಯುವ ಸಮಯದಲ್ಲಿ ಮುಗಿಸಬಹುದು.