ಸ್ನಾತಕೋತ್ತರ ವಿದ್ಯಾರ್ಥಿ ಸಂಘದಲ್ಲಿ ನಿರ್ಧಾರ ಯಾರದ್ದು, ಪದಾಧಿಕಾರಿಗಳ ಕೆಲಸ ಏನು?

ಎಲ್ಲದಕ್ಕೂ ಆಧಾರ ಸಂಘದ ಬೈಲಾ, ಅಂದರೆ ಲಿಖಿತ ನಿಯಮಾವಳಿ. ಮೊದಲು ಅದನ್ನು ಓದಿ. ಸಾಮಾನ್ಯವಾಗಿ ವಿಭಾಗವಾರು ಆಯ್ಕೆಯಾದ ಪ್ರತಿನಿಧಿಗಳ ಮಂಡಳಿ ಬಜೆಟ್‌ಗೂ ನಿರ್ಣಯಗಳಿಗೂ ಮತ ಹಾಕುತ್ತದೆ, ಪದಾಧಿಕಾರಿಗಳು ಜಾರಿಗೆ ತರುತ್ತಾರೆ. ಅಧ್ಯಕ್ಷರು ಸಭೆ ನಡೆಸಿ, ವಿಶ್ವವಿದ್ಯಾಲಯದ ಆಡಳಿತದ ಮುಂದೆ ಸಂಘದ ಪರ ಮಾತಾಡುತ್ತಾರೆ. ಅವರಿಲ್ಲದಾಗ ಉಪಾಧ್ಯಕ್ಷರು.

ನನ್ನ ಪ್ರಕಾರ ಸಂಘ ನಿಂತಿರುವುದು ಕಾರ್ಯದರ್ಶಿಯ ಮೇಲೆ. ಅವರು ಬರೆಯುವ ಸಭೆಯ ನಡಾವಳಿಯಲ್ಲಿ ಹಾಜರಾತಿ, ನಿರ್ಣಯದ ಪೂರ್ಣ ಒಕ್ಕಣೆ, ಸೂಚಕರು, ಅನುಮೋದಕರು, ಮತಗಳ ಲೆಕ್ಕ ಇರಲೇಬೇಕು. ಬರೀ 'ಚರ್ಚಿಸಲಾಯಿತು' ಎಂದು ಬರೆದರೆ ಮುಂದೆ ತಕರಾರು ಖಚಿತ. ಖಜಾಂಚಿ ಪ್ರತಿ ಖರ್ಚಿಗೂ ವೋಚರ್ ಇಟ್ಟು, ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಬೇಕು. ಚೆಕ್‌ಗೆ ಇಬ್ಬರ ಸಹಿ ಇದ್ದರೆ ಕ್ಷೇಮ.

ಎಡವುವುದು ಎರಡು ಕಡೆ. ಪರೀಕ್ಷೆ, ಫೀಲ್ಡ್‌ವರ್ಕ್ ಸಮಯದಲ್ಲಿ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಸಿಗುವುದಿಲ್ಲ, ಕೋರಂ ಇಲ್ಲದೆ ಮಾಡಿದ ನಿರ್ಣಯ ನಿಲ್ಲುವುದಿಲ್ಲ. ಇನ್ನೊಂದು, ಹಳಬರು ಪದವಿ ಮುಗಿಸಿ ಹೊರಟುಬಿಡುತ್ತಾರೆ, ಬ್ಯಾಂಕಿನಲ್ಲಿ ಸಹಿ ಮಾತ್ರ ಅವರದೇ ಉಳಿದಿರುತ್ತದೆ.