ನೀರು ತುಂಬಿದೆ, ಮೀನೆಲ್ಲಿ ಹೋಯಿತು?

ಪ್ರಶ್ನೆ: ಸರ್, ನಮ್ಮ ತೋಟದ ಕೆಳಗೆ ಸ್ವರ್ಣಾ ನದಿಗೆ ಸೇರುವ ತೋಡಿದೆ. ಮೊದಲೆಲ್ಲ ಜನವರಿಗೆ ಪಾದ ಮುಳುಗುವಷ್ಟೇ ನೀರು. ಆದರೂ ಕಲ್ಲು ಎತ್ತಿದರೆ ಹುಳ, ಏಡಿ, ಸಣ್ಣ ಮೀನು ಇರುತ್ತಿದ್ದವು. ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟ) ಆದಮೇಲೆ ಬೇಸಿಗೆಯಲ್ಲೂ ಸೊಂಟಮಟ್ಟ ನೀರು. ಮೀನು ಜಾಸ್ತಿ ಆಗಬೇಕಿತ್ತು ಅಲ್ವಾ? ಕಡಿಮೆಯಾಗಿದೆ. ಯಾಕೆ?
– ಅಡಿಕೆ ಕೃಷಿಕರೊಬ್ಬರು, ಹಿರಿಯಡ್ಕ

ಉತ್ತರ: ನೀರು ಜಾಸ್ತಿಯಾಗಿದೆ ನಿಜ. ಆದರೆ ಅದರ ಓಟ ನಿಂತಿದೆ. ನಿಮ್ಮ ಮೀನು, ಹುಳಗಳಿಗೆ ಆಳಕ್ಕಿಂತ ಓಟ ಮುಖ್ಯವಾಗಿತ್ತು.

ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ಡಿಸೆಂಬರ್‌ಗೆ ಮಕ್ಕಳನ್ನು ಕಾರ್ಕಳ ಕಡೆಯ ಒಂದು ತೋಡಿಗೆ ಕರೆದೊಯ್ಯುತ್ತಿದ್ದೆ. ಸಲಕರಣೆ ಅಂದರೆ ಬಿಳಿ ಪಿಂಗಾಣಿ ಬಸಿ, ಹಳೆಯ ಟೂತ್‌ಬ್ರಷ್, ಅಷ್ಟೇ. ಜುಳುಜುಳು ಹರಿಯುವ ಕಡೆಯ ಕಲ್ಲೊಂದನ್ನು ಎತ್ತಿ ಬಸಿಯೊಳಗೆ ಉಜ್ಜಬೇಕು. ಮೂರು ಬಾಲದ, ಅಕ್ಕಿಕಾಳಿನಷ್ಟಿರುವ ಮೇಫ್ಲೈ ಎಂಬ ಕೀಟದ ಮರಿಗಳು ಓಡಾಡುತ್ತವೆ. ಪಕ್ಕೆಯ ಕಿವಿರುಗಳು ಪಟಪಟ ಬಡಿದುಕೊಳ್ಳುವುದು ಬರಿಗಣ್ಣಿಗೇ ಕಾಣುತ್ತದೆ. ಒಮ್ಮೆ ಒಬ್ಬ ಹುಡುಗಿ ಬಸಿಯ ಮೂಲೆಯಲ್ಲಿದ್ದ ಮರಳಿನ ಮುದ್ದೆಯನ್ನು ಕಸ ಅಂತ ಚೆಲ್ಲಲು ಹೊರಟಳು. ಕಸ ನಡೆಯತೊಡಗಿತು! ತನ್ನ ರೇಷ್ಮೆಯಿಂದಲೇ ಮರಳಿನ ಕಾಳುಗಳನ್ನು ಅಂಟಿಸಿ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ ಅದು. ಇದರದ್ದೇ ಇನ್ನೊಂದು ಜಾತಿ ಕಲ್ಲುಗಳ ನಡುವೆ ಪುಟ್ಟ ಬಲೆ ಹೆಣೆಯುತ್ತದೆ. ಹರಿವು ತಂದುಕೊಟ್ಟದ್ದೇ ಅದಕ್ಕೆ ಊಟ. ನೀರು ನಿಂತರೆ ಬಲೆಗೆ ಏನೂ ಬೀಳುವುದಿಲ್ಲ.

ಈಗ ನಿಮ್ಮ ಕಟ್ಟಕ್ಕೆ ಬನ್ನಿ. ನೀರು ನಿಂತ ಕಡೆ ಮೊದಲು ಕೂರುವುದು ಹೂಳು. ಕಲ್ಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಹುಳಗಳ ಮನೆ ಇದ್ದದ್ದು ಅಲ್ಲೇ, ಎಷ್ಟೋ ಮೀನು ಮೊಟ್ಟೆ ಇಡುತ್ತಿದ್ದದ್ದೂ ಅಲ್ಲೇ. ಎರಡನೆಯದು ಉಸಿರು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯದು ಏಳೂವರೆಯಷ್ಟು ಮಾತ್ರ. ಬಿಸಿಲಿಗೆ ಕಾದು, ಅಡಿಯಲ್ಲಿ ಎಲೆ ಕೊಳೆಯುವ ನಿಂತ ನೀರಿನಲ್ಲಿ ಅದೂ ಉಳಿಯುವುದಿಲ್ಲ. ಅಲ್ಲಿಯ ಕೆಸರು ತೆಗೆದು ನೋಡಿ, ದಾರದಂಥ ಕೆಂಪು ಹುಳ ಸಿಗಬಹುದು. ನಮ್ಮ ರಕ್ತದಲ್ಲಿರುವ ಹಾಗೆ ಅದರಲ್ಲೂ ಹಿಮೋಗ್ಲೋಬಿನ್ ಇದೆ. ಅದಕ್ಕೇ ಉಸಿರುಗಟ್ಟುವ ಕೆಸರಿನಲ್ಲೂ ಬದುಕುತ್ತದೆ.

ಹಾಗಾಗಿ ಮೀನು ಪೂರ್ತಿ ಹೋಗಿಲ್ಲ, ಬದಲಾಗಿದೆ ಅನ್ನಿ. ಮೇಲೆ ಬಂದು ಗಾಳಿ ಕುಡಿಯಬಲ್ಲ ಮುಗುಡು ಹೇಗೋ ಸುಧಾರಿಸಿಕೊಳ್ಳುತ್ತದೆ. ಕಲ್ಲಿಗೆ ಹೊಟ್ಟೆ ಅಂಟಿಸಿ ಓಟದ ನೀರಿನಲ್ಲಿ ನಿಲ್ಲುವ ಪುಟ್ಟ ಮೀನು ಜಾಗ ಬಿಡುತ್ತದೆ. ಹೊಳೆಯ ದೊಡ್ಡ ಸಿಗಡಿಯದ್ದು ಬೇರೆಯೇ ಕಷ್ಟ. ಬೆಳೆಯುವುದು ಸಿಹಿನೀರಿನಲ್ಲಾದರೂ ಅದರ ಮರಿಗೆ ಅಳಿವೆಯ ಉಪ್ಪುನೀರೇ ಬೇಕು. ತಾಯಿ ಕೆಳಗಿಳಿಯಬೇಕು, ಮರಿ ಮೇಲೆ ಬರಬೇಕು. ನಡುವೆ ಹಲಗೆ ಹಾಕಿದ ಗೋಡೆ!

ಕಟ್ಟವೇ ಬೇಡ ಅನ್ನುವವನು ನಾನಲ್ಲ. ನಮ್ಮ ಮನೆಯ ಬಾವಿಯೂ ಕಟ್ಟದ ನೀರನ್ನೇ ನಂಬಿದೆ. ಆದರೆ ಅಜ್ಜಂದಿರ ಕಾಲದ ಮಣ್ಣಿನ ಕಟ್ಟ ಮೊದಲ ನೆರೆಗೆ ತಾನೇ ಕೊಚ್ಚಿಹೋಗುತ್ತಿತ್ತು. ಮೊದಲ ಮಳೆಗೆ ಹೊಳೆಯಿಂದ ಮೇಲೇರುವ ಉಬರ್ ಮೀನು ಗದ್ದೆಗೆ ಹತ್ತುವ ಹೊತ್ತಿಗೆ ದಾರಿ ತೆರೆದಿರುತ್ತಿತ್ತು. ಕಾಂಕ್ರೀಟಿನ ಕಿಂಡಿಗೆ ಯಾರಾದರೂ ಬಂದು ಹಲಗೆ ತೆಗೆಯಬೇಕು. ನಮ್ಮೂರಲ್ಲಿ ಒಂದು ವರ್ಷ ಹಲಗೆ ತೆಗೆಯುವವರು ಮದುವೆಗೆ ಹೋಗಿದ್ದರು. ಮೀನುಗಳೆಲ್ಲ ಗೋಡೆಯ ಕೆಳಗೆ ಎಗರಿ ಎಗರಿ ಬೀಳುತ್ತಿದ್ದವು, ಊರವರು ಕೊಡಪಾನದಲ್ಲಿ ತುಂಬಿಕೊಂಡರು. ನಾನೂ ತಂದೆ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಕೈಯಲ್ಲಾಗುವುದು ಇಷ್ಟು: ಮೇ ಕೊನೆಯೊಳಗೆ ಹಲಗೆ ಎತ್ತಿಸಿ. ಬೇಸಿಗೆಯಲ್ಲೂ ಒಂದು ಕಿಂಡಿಯ ಅಡಿಯಲ್ಲಿ ಸ್ವಲ್ಪ ನೀರು ಹರಿಯುವ ಹಾಗೆ ಬಿಡಿ. ದಂಡೆಯ ಮುಂಡೇವು (ಕೇದಗೆ ಜಾತಿಯ ಗಿಡ) ಪೊದೆ ಕಡಿಯಬೇಡಿ, ಮೂಡೆ ಕಡುಬಿಗೆ ಎಲೆ ಕೊಯ್ದರೆ ಸಾಕು. ಅದರ ಬೇರಿನ ಸಂದಿನಲ್ಲಿ ಸಿಗಡಿ ಅಡಗುತ್ತದೆ, ನೆರಳಿಗೆ ನೀರೂ ತಣ್ಣಗಿರುತ್ತದೆ.

ಪ್ರಶ್ನೆ: ಜೋರು ಮಳೆಯಾದ ಮೇಲೆ ನಮ್ಮ ಅಳಿವೆಯಲ್ಲಿ ಮರುವಾಯಿ (ಚಿಪ್ಪುಮೀನು) ರಾಶಿ ರಾಶಿ ಸತ್ತಿರುತ್ತದೆ. ಯಾರಾದರೂ ವಿಷ ಹಾಕುತ್ತಾರಾ?
– ಗೃಹಿಣಿಯೊಬ್ಬರು, ಮೂಲ್ಕಿ

ಉತ್ತರ: ವಿಷವೇ ಆಗಬೇಕೆಂದಿಲ್ಲ ಅಮ್ಮಾ, ನೆರೆಯ ಸಿಹಿನೀರೇ ಸಾಕು. ಉಪ್ಪು ಇಳಿದಾಗ ಮರುವಾಯಿ ಚಿಪ್ಪು ಮುಚ್ಚಿ ಕೂರುತ್ತದೆ. ಕೆಲವು ದಿನ ತಡೆದೀತು. ನೆರೆ ಇಳಿಯದೇ ಇದ್ದರೆ ಒಳಗೇ ಸಾಯುತ್ತದೆ. ಮಳೆ ಮುಗಿದು ಉಪ್ಪು ಏರಿದ ಮೇಲೆ ಹೊಸ ಮರಿಗಳು ಬಂದು ಮರಳಿನಲ್ಲಿ ನೆಲೆ ನಿಲ್ಲುತ್ತವೆ, ಮರಳು ಅಲ್ಲೇ ಉಳಿದಿದ್ದರೆ. ಹಾಂ, ಪುಂಡಿಗೆ (ಅಕ್ಕಿ ಉಂಡೆಯ ಅಡುಗೆಗೆ) ಕೊಳ್ಳುವಾಗ ಬಾಯಿ ತೆರೆದ ಮರುವಾಯಿಯನ್ನು ಬೆರಳಿಂದ ತಟ್ಟಿ ನೋಡಿ. ಮುಚ್ಚದಿದ್ದರೆ ತೆಗೆದುಕೊಳ್ಳಬೇಡಿ.