ಕಾದಂಬರಿ ಓದೋಕಾಗಲಿಲ್ಲ ಅಂದ ಮಗನ ಜೊತೆ ಮಾತು ಬಿಟ್ಟ ಅಪ್ಪ

ಇವರು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರು, ವಯಸ್ಸು ಅರವತ್ತು ದಾಟಿದೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಕೈಯಿಂದ ದುಡ್ಡು ಹಾಕಿ ಒಂದು ಕಾದಂಬರಿ ಅಚ್ಚು ಹಾಕಿಸಿದ್ದರು. ನೆಂಟರೆಲ್ಲ "ಚೆನ್ನಾಗಿದೆ" ಅಂದರು. ಮಗ ಮಾತ್ರ "ಅಪ್ಪ, ಇಪ್ಪತ್ತು ಪುಟ ದಾಟೋಕಾಗಲಿಲ್ಲ" ಅಂದುಬಿಟ್ಟ. ಅವತ್ತಿನಿಂದ ಮಗನ ಜೊತೆ ಮಾತಿಲ್ಲ, ರಾತ್ರಿ ನಿದ್ದೆಯೂ ಇಲ್ಲ. ಹೆಂಡತಿ ಒತ್ತಾಯ ಮಾಡಿ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆತಂದರು.

"ಓದೋ ಅಭ್ಯಾಸವೇ ಇಲ್ಲದವರಿಗೆ ಏನು ಹೇಳೋದು ಮೇಡಂ?" ಅನ್ನುತ್ತಲೇ ಕೂತರು.

ಪುಸ್ತಕ ಇಸ್ಕೊಂಡು ಓದಿದೆ. ಮಗ ಸುಳ್ಳು ಹೇಳಿರಲಿಲ್ಲ. ನಾಯಕಿಗೆ ಹುಣ್ಣಿಮೆ ಚಂದ್ರನಂಥ ಮುಖ, ಎರಡು ಪುಟಕ್ಕೊಮ್ಮೆ ಧಾರಾಕಾರ ಕಣ್ಣೀರು. ತೋಟದ ಲೆಕ್ಕ ಬರೆಯುವ ರೈಟರೂ ಸಾಹುಕಾರರೂ ಒಂದೇ ಭಾಷಣದ ಧಾಟಿಯಲ್ಲಿ ಮಾತಾಡುತ್ತಾರೆ. ತೋಟದ ಬಗ್ಗೆ ಇದ್ದದ್ದು ಒಂದೇ ಸಾಲು: ಕಾಫಿ ಹೂ ಅರಳಿ ಮನಮೋಹಕವಾಗಿತ್ತು.

ಆ ಸಾಲಿನ ಬಗ್ಗೆ ಕೇಳಿದೆ. ಮನುಷ್ಯ ಅರಳಿಬಿಟ್ಟರು! ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪ್ ಹೊತ್ತು ಜಾಗ ಬದಲಿಸುವುದು, ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುವುದು, ಹೂ ಬಿರಿದ ದಿನವೇ ಇನ್ನೊಂದು ಮಳೆ ಹೊಡೆದರೆ ಕಾಯಿ ಕಚ್ಚಲ್ಲ ಅನ್ನೋ ಭಯ. "ಇದೆಲ್ಲ ಪುಸ್ತಕದಲ್ಲಿ ಎಲ್ಲಿದೆ?" ಅಂದೆ. "ಇದೆಯಲ್ಲ!" ಅಂತ ಪುಟ ತಿರುಗಿಸಿದರು. ತುಂಬಾ ಹೊತ್ತು ಹುಡುಕಿದರು. ಇರಲಿಲ್ಲ.

ಆಮೇಲೆ ಒಂದು ಆಟ ಆಡಿಸಿದೆ. ಇಷ್ಟದ ಹಳೇ ಸಿನಿಮಾ ಹಾಡೊಂದನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಹೆಂಡತಿ ಯಾವ ಹಾಡು ಅಂತ ಹೇಳಬೇಕು. "ಯಾರೋ ಬಾಗಿಲು ಬಡಿದ ಹಾಗಿದೆ ರೀ" ಅಂದರು ಅವರು. "ಎಂತದು ಮಾರಾಯ್ತಿ, ಇಷ್ಟೂ ಗೊತ್ತಾಗಲ್ವಾ?" ಅಂತ ಇವರಿಗೆ ಸಿಟ್ಟೇ ಬಂತು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಇದನ್ನೇ ಪ್ರಯೋಗವಾಗಿ ಮಾಡಿದ್ದರು. ಅರ್ಧದಷ್ಟು ಹಾಡನ್ನಾದರೂ ಕೇಳುವವರು ಗುರುತಿಸುತ್ತಾರೆ ಅಂದುಕೊಂಡಿದ್ದರು ತಟ್ಟಿದವರು. 120ರಲ್ಲಿ ಗೊತ್ತಾಗಿದ್ದು ಬರೀ 3. ಬರೆದವರ ತಲೆಯಲ್ಲಿ ಹಾಡು ಪೂರ್ತಿ ಕೇಳ್ತಾ ಇರುತ್ತೆ, ಓದುವವರಿಗೆ ಸಿಗೋದು ಟಕಟಕ ಸದ್ದು. ಮನೆಯವರು ಇದನ್ನು ಸೊಕ್ಕು ಅಂದುಕೊಂಡರೆ ಜಗಳ ಜಾಸ್ತಿಯಾಗುತ್ತೆ, ಅಷ್ಟೇ.

ನನ್ನ ಸಲಹೆ ಇಷ್ಟು. ಕೊಯ್ಲು ಮುಗಿಯುವ ತನಕ ಪುಸ್ತಕ ಮುಟ್ಟಬೇಡಿ. ಆಮೇಲೆ ನೆಂಟರಲ್ಲದ ಒಬ್ಬರಿಂದ ಮೊದಲ ಅಧ್ಯಾಯ ಗಟ್ಟಿಯಾಗಿ ಓದಿಸಿ. ನೀವು ಬಾಯಿ ಮುಚ್ಚಿ ಕೂರಬೇಕು, ವಿವರಣೆ ಕೊಡುವ ಹಾಗಿಲ್ಲ. ಅವರು ಎಡವಿದ ಕಡೆ, ಓಡಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. "ಎಲ್ಲಿ ಬೇಜಾರಾಯ್ತು?" ಅಂತ ಕೇಳಿ.

ಹೆಂಡತಿಗೆ, ಸುಮ್ನೆ ಹೊಗಳೋದು ಬಿಟ್ಟು ನಿಜಕ್ಕೂ ಹಿಡಿಸಿದ ಒಂದು ಜಾಗ ತೋರಿಸಿ ಅಂದೆ. ಮಗನಿಗೆ ಫೋನ್ ಮಾಡಿದೆ. ಅಪ್ಪನ ನಿದ್ದೆ ಕೆಡಿಸಿದ್ದು ಟೀಕೆಗಿಂತ ಹೆಚ್ಚಾಗಿ, ಕಾದಂಬರಿಯಲ್ಲಿ ಹೇಳಿಕೊಂಡ ತನ್ನ ಬಾಲ್ಯದ ಕಥೆಯನ್ನು ಮಗ ಅರ್ಧಕ್ಕೇ ಬಿಟ್ಟ ಅನ್ನೋ ನೋವು. ಪೂರ್ತಿ ಓದಿ, ಆಮೇಲೆ ಜಗಳವಾಡು ಅಂದೆ.

ಎರಡನೇ ಮುದ್ರಣದ ಮಾತು ಸದ್ಯಕ್ಕೆ ನಿಂತಿದೆ. ಮಗನ ಜೊತೆ ಮಾತು ಶುರುವಾಗಿದೆ, ಆದರೆ "ವಿಮರ್ಶಕರು ಊಟಕ್ಕೆ ಬರಲಿ" ಅಂತಲೇ ಕರೆಯುತ್ತಾರಂತೆ.